ಜಿಗಿತದ ಲೆಕ್ಕ

ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಈ ಸಂಚಿಕೆಗೆ ಭೌತಶಾಸ್ತ್ರದ ಒಂದು ಪಾಠ ಬರೆದುಕೊಡಿ ಎಂದು ಕೇಳಿದರು. ಜೊತೆಗೆ "ಬರೀ ಸೂತ್ರ ಬ್ಯಾಡ್ರಿ ಸರ್, ಓದಾಕ ಚಲೋ ಇರಬೇಕ್ರಿ" ಎಂಬ ಷರತ್ತನ್ನೂ ಹಾಕಿದರು. ಷರತ್ತು ನ್ಯಾಯವಾದದ್ದೇ. ಆದ್ದರಿಂದ ಪ್ರಥಮ ಪಿಯು ಪುಸ್ತಕದಲ್ಲಿರುವ ಸರಳರೇಖೆಯ ಚಲನೆಯ ಅಧ್ಯಾಯವನ್ನೇ ತೆಗೆದುಕೊಂಡಿದ್ದೇನೆ. ಉದಾಹರಣೆಗೆ ಕಾರು, ರೈಲು, ಬಾವಿಗೆ ಬಿದ್ದ ಕಲ್ಲು ಬೇಡ. ನನ್ನ ದೇಹವೇ ಸಾಕು.

ನನಗೀಗ 48 ವರ್ಷ. ಎತ್ತರ 1.70 ಮೀಟರ್. ತೂಕ ಈ ಲೆಕ್ಕಕ್ಕೆ ಬೇಕಾಗಿಲ್ಲ, ಹಾಗಾಗಿ ಹೇಳುವುದಿಲ್ಲ. ಮಳೆಗಾಲ ಮುಗಿದು ಮೈದಾನದ ಕೆಂಪು ಮಣ್ಣು ಗಟ್ಟಿಯಾದ ಮೇಲೆ ವಾರಕ್ಕೆ ಮೂರು ಸಂಜೆ ನಿಮ್ಮೊಡನೆ ವಾಲಿಬಾಲ್ ಆಡುತ್ತೇನೆ. ಮಳಗಿಯ ಧರ್ಮಾ ಜಲಾಶಯದ ಕಡೆಯಿಂದ ಬೀಸುವ ಗಾಳಿಗೆ ಸರ್ವಿಸ್ ಎತ್ತ ತಿರುಗುತ್ತದೆ ಎಂಬುದು ಈ ಕಾಲೇಜಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೊದಲು ನಾನು ಸ್ಮ್ಯಾಶರ್ ಆಗಿದ್ದೆ. ಈಗ ಲಿಫ್ಟರ್. ಹೀಗೆ ಜಾಗ ಬದಲಾದದ್ದು ಏಕೆ ಎಂಬುದೇ ಇವತ್ತಿನ ಪಾಠ.

ಪಾಠಕ್ಕೆ ಇನ್ನೊಂದು ಕಾರಣವೂ ಇದೆ. ಇತ್ತೀಚೆಗೆ ಎದುರಿನ ತಂಡದಿಂದ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: "ಸರ್ ಅದಾರಲೇ ಅಲ್ಲಿ, ಮೆತ್ತಗ ಹೊಡಿ." ಹೇಳುವವರ ಮನಸ್ಸಿನಲ್ಲಿ ಮರ್ಯಾದೆಯೇ ಇದೆ, ಅದು ನನಗೆ ಗೊತ್ತು. ಆದರೆ ಮೆತ್ತಗೆ ಬಂದ ಚೆಂಡನ್ನು ಎತ್ತಿದಾಗ ನನಗೆ ಪಾಯಿಂಟ್ ಸಿಗುತ್ತದೆಯೇ ಹೊರತು ಆಟ ಸಿಗುವುದಿಲ್ಲ. ಹಾಗಾದರೆ ನನ್ನಲ್ಲಿ ಏನು ಹೋಗಿದೆ, ಏನು ಉಳಿದಿದೆ? ಕರುಣೆಯಿಂದ ಊಹಿಸುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು. ಭೌತಶಾಸ್ತ್ರ ಇರುವುದೇ ಅದಕ್ಕೆ.

ಮೊದಲು ಜಿಗಿತ. ಪುರುಷರ ವಾಲಿಬಾಲ್ ನೆಟ್ಟಿನ ಎತ್ತರ 2.43 ಮೀಟರ್, ಮಹಿಳೆಯರದು 2.24 ಮೀಟರ್. ಆಡುವವನಿಗೆ ಎಷ್ಟೇ ವಯಸ್ಸಾಗಲಿ, ನೆಟ್ ಒಂದು ಸೆಂಟಿಮೀಟರೂ ತಗ್ಗುವುದಿಲ್ಲ. ಅದರಷ್ಟು ನಿಷ್ಠುರವಾದ ಅಳತೆಗೋಲು ಬೇರೆ ಇಲ್ಲ. ನಾನು ಕೈ ಎತ್ತಿ ನಿಂತರೆ ಬೆರಳ ತುದಿ 2.20 ಮೀಟರಿಗೆ ಮುಟ್ಟುತ್ತದೆ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ ಅಳೆದಾಗ ನನ್ನ ಜಿಗಿತ 55 ಸೆಂಟಿಮೀಟರ್ ಇತ್ತು. ಕಳೆದ ತಿಂಗಳು ಅದೇ ರೀತಿ ಅಳೆದಾಗ 34 ಸೆಂಟಿಮೀಟರ್ ಬಂತು.

ಈಗ ಲೆಕ್ಕ ಮಾಡಿ. ಆಗ ಬೆರಳ ತುದಿ 2.75 ಮೀಟರಿಗೆ ಹೋಗುತ್ತಿತ್ತು, ಅಂದರೆ ನೆಟ್ಟಿನ ಪಟ್ಟಿಗಿಂತ 32 ಸೆಂಟಿಮೀಟರ್ ಮೇಲೆ. ಈಗ ಹೋಗುವುದು 2.54 ಮೀಟರಿಗೆ, ಪಟ್ಟಿಗಿಂತ 11 ಸೆಂಟಿಮೀಟರ್ ಮಾತ್ರ ಮೇಲೆ. ವಾಲಿಬಾಲಿನ ವ್ಯಾಸ ಸುಮಾರು 21 ಸೆಂಟಿಮೀಟರ್. ಚೆಂಡಿನ ತಲೆ ನನ್ನ ಬೆರಳ ತುದಿಯ ಮಟ್ಟದಲ್ಲಿದ್ದರೆ ಅದರ ಅರ್ಧ ಭಾಗ ನೆಟ್ಟಿನ ಪಟ್ಟಿಗಿಂತ ಕೆಳಗೇ ಇರುತ್ತದೆ. ಅಂಥ ಚೆಂಡನ್ನು ಕೆಳಮುಖವಾಗಿ ಹೊಡೆಯಲು ಸಾಧ್ಯವೇ ಇಲ್ಲ. ಹೊಡೆದರೆ ನೆಟ್ಟಿಗೇ ಬೀಳುತ್ತದೆ. ಹೀಗೆ 21 ಸೆಂಟಿಮೀಟರಿನಲ್ಲಿ ಒಬ್ಬ ಸ್ಮ್ಯಾಶರ್ ಲಿಫ್ಟರ್ ಆದ. ಇದರಲ್ಲಿ ದುಃಖಕ್ಕಿಂತ ಜ್ಯಾಮಿತಿ ಹೆಚ್ಚು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನೆಲ ಬಿಡುವಾಗಿನ ವೇಗ v ಆದರೆ ಜಿಗಿತದ ಎತ್ತರ ಅದರ ವರ್ಗವನ್ನು 2gಯಿಂದ ಭಾಗಿಸಿದಷ್ಟು. 55 ಸೆಂಟಿಮೀಟರ್ ಜಿಗಿಯಲು ನೆಲ ಬಿಡುವಾಗಿನ ವೇಗ ಸೆಕೆಂಡಿಗೆ 3.28 ಮೀಟರ್ ಬೇಕು. 34 ಸೆಂಟಿಮೀಟರಿಗೆ 2.58 ಮೀಟರ್ ಸಾಕು. ಅಂದರೆ ನನ್ನ ವೇಗ ಸುಮಾರು ಐದರಲ್ಲಿ ಒಂದು ಪಾಲು ಇಳಿದಿದೆ, ಆದರೆ ಎತ್ತರ ಐದರಲ್ಲಿ ಎರಡು ಪಾಲಿನಷ್ಟು ಇಳಿದಿದೆ. ವರ್ಗದ ಸಂಬಂಧ ಎಂದರೆ ಇದೇ. ತರಗತಿಯಲ್ಲಿ ನಕ್ಷೆ ಬರೆದು ತೋರಿಸಿದಾಗ ಆಕಳಿಸುವವರು ಇದನ್ನು ಒಮ್ಮೆ ನೆಟ್ಟಿನ ಕೆಳಗೆ ನಿಂತು ಯೋಚಿಸಲಿ. ಗಾಳಿಯಲ್ಲಿ ಇರುವ ಸಮಯವೂ 0.67 ಸೆಕೆಂಡಿನಿಂದ 0.53 ಸೆಕೆಂಡಿಗೆ ಬಂದಿದೆ. ಮೇಲೆ ಹೋಗಿ ಬ್ಲಾಕ್ ಮಾಡುವವರ ಕೈ ಎಲ್ಲಿದೆ ಎಂದು ನೋಡಿ ಚೆಂಡಿನ ದಿಕ್ಕು ಬದಲಿಸಲು ಮೊದಲು ಬಿಡುವಿತ್ತು. ಈಗ ನೋಡುವಷ್ಟರಲ್ಲಿ ಇಳಿದಿರುತ್ತೇನೆ.

ವೇಗ ಏಕೆ ಇಳಿಯಿತು ಎಂಬುದಕ್ಕೆ ಉತ್ತರ ಪಕ್ಕದ ವಿಭಾಗದಲ್ಲಿದೆ. ಜೀವಶಾಸ್ತ್ರದ ಪುಸ್ತಕದಲ್ಲಿ ಕೆಂಪು ಸ್ನಾಯು ತಂತು, ಬಿಳಿ ಸ್ನಾಯು ತಂತು ಎಂದು ಓದಿದ್ದೀರಿ. ಕೆಂಪು ತಂತುಗಳು ನಿಧಾನ, ಆದರೆ ಬಹಳ ಹೊತ್ತು ದಣಿಯುವುದಿಲ್ಲ. ಬಿಳಿ ತಂತುಗಳು ಥಟ್ಟನೆ ಸಂಕುಚಿಸುತ್ತವೆ, ಬೇಗ ದಣಿಯುತ್ತವೆ. ಜಿಗಿಯಲು, ಓಟದ ಮೊದಲ ನಾಲ್ಕು ಹೆಜ್ಜೆಗೆ, ಕಬಡ್ಡಿಯಲ್ಲಿ ಗೆರೆಯ ಕಡೆ ಹಾರಲು ಬೇಕಾದದ್ದು ಬಿಳಿಯವು. ವಯಸ್ಸಾಗುತ್ತ ಹೆಚ್ಚು ಕುಗ್ಗುವುದೂ ಇವೇ. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ಕೆಲವು ನರಕೋಶಗಳು ಕಾಲಕ್ರಮೇಣ ಸಾಯುತ್ತವೆ. ಅವು ನಡೆಸುತ್ತಿದ್ದ ತಂತುಗಳಲ್ಲಿ ಕೆಲವನ್ನು ನಿಧಾನದ ನರಕೋಶಗಳು ತಮ್ಮ ಕಡೆಗೆ ಸೇರಿಸಿಕೊಳ್ಳುತ್ತವೆ, ಉಳಿದವು ಇಲ್ಲವಾಗುತ್ತವೆ. ಆದ್ದರಿಂದ ಶಕ್ತಿ ಕಡಿಮೆಯಾಗುವ ಮೊದಲೇ ಥಟ್ಟನೆಯ ಶಕ್ತಿ ಕಡಿಮೆಯಾಗುತ್ತದೆ. ಅಕ್ಕಿ ಮೂಟೆ ಎತ್ತಲು ನನಗೆ ಈಗಲೂ ತೊಂದರೆ ಇಲ್ಲ. ಅದನ್ನೇ ಬೇಗ ಎತ್ತು ಎಂದರೆ ಕಷ್ಟ.

ಜಗತ್ತಿನ ದಾಖಲೆಗಳನ್ನು ನೋಡಿದರೂ ಈ ಕ್ರಮ ಕಾಣುತ್ತದೆ. ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು 2009ರಲ್ಲಿ, ಆಗ ಅವರಿಗೆ 22 ವರ್ಷ. ಸೇಂಟ್ ಕಿಟ್ಸ್ ದ್ವೀಪದ ಕಿಮ್ ಕಾಲಿನ್ಸ್ 2016ರಲ್ಲಿ 40ನೇ ವಯಸ್ಸಿನಲ್ಲಿ 9.93 ಸೆಕೆಂಡಿನಲ್ಲಿ ಓಡಿದರು. ನಲವತ್ತು ದಾಟಿದವರು 10 ಸೆಕೆಂಡಿನೊಳಗೆ ಓಡಿದ್ದು ಅದೇ ಮೊದಲು. ಜಪಾನಿನ ಹಿಡೆಕಿಚಿ ಮಿಯಾಝಾಕಿ 2015ರಲ್ಲಿ 105ನೇ ವಯಸ್ಸಿನಲ್ಲಿ ಅದೇ ದೂರವನ್ನು 42.22 ಸೆಕೆಂಡಿನಲ್ಲಿ ಮುಗಿಸಿದರು. ದೀರ್ಘ ಓಟದ ಕಡೆ ಬನ್ನಿ. ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, 73 ವರ್ಷದವರಿದ್ದಾಗ, 42 ಕಿಲೋಮೀಟರಿಗೂ ಮಿಕ್ಕ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಓಡಿದರು. ನಮ್ಮ ಕಾಲೇಜಿನಲ್ಲಿ ಹದಿನೇಳರ ಎಷ್ಟು ಹುಡುಗರು ಆ ವೇಗದಲ್ಲಿ ಐದು ಕಿಲೋಮೀಟರ್ ಓಡಬಲ್ಲರು ಎಂದು ನಾನು ಕೇಳುವುದಿಲ್ಲ.

ಇನ್ನು ಎರಡನೆಯ ಅಳತೆ, ಪ್ರತಿಕ್ರಿಯೆಯ ಸಮಯ. ಇದು ನಿಮ್ಮ ಪುಸ್ತಕದಲ್ಲೇ ಇದೆ. ಒಬ್ಬರು ಅಳತೆಪಟ್ಟಿಯನ್ನು ಬಿಡುತ್ತಾರೆ, ಇನ್ನೊಬ್ಬರು ಬೆರಳುಗಳ ನಡುವೆ ಹಿಡಿಯುತ್ತಾರೆ. ಪಟ್ಟಿ 21 ಸೆಂಟಿಮೀಟರ್ ಬಿದ್ದರೆ ಸಮಯ ಸುಮಾರು 0.2 ಸೆಕೆಂಡ್. ಪ್ರಯೋಗಾಲಯದಲ್ಲಿ ನಮ್ಮ ವಾಲಿಬಾಲ್ ತಂಡದ ಹುಡುಗರು 18ರಿಂದ 22 ಸೆಂಟಿಮೀಟರಿನೊಳಗೆ ಹಿಡಿದರು. ಅಂದರೆ 0.19ರಿಂದ 0.21 ಸೆಕೆಂಡ್. ನಾನು ಹಿಡಿದದ್ದು 25ರಲ್ಲಿ, 0.23 ಸೆಕೆಂಡ್. ಜಿಗಿತದಲ್ಲಿ ಆದ ನಷ್ಟಕ್ಕೆ ಹೋಲಿಸಿದರೆ ಇದು ಬಹಳ ಸಣ್ಣದು. ಫಲಿತಾಂಶ ನೋಡಿ ಒಬ್ಬ ಹುಡುಗ "ಸರ್, ಇಷ್ಟ ಫರಕಿದ್ದರ ನೀವು ಯಾಕ ಚೆಂಡ್ ಬಿಡ್ತೀರಿ?" ಎಂದು ನೇರವಾಗಿ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಕಾಲಿನಲ್ಲಿದೆ. ನೆಟ್ಟಿನಿಂದ 6 ಮೀಟರ್ ಹಿಂದೆ ನಿಂತವನ ಕಡೆಗೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸ್ಮ್ಯಾಶ್ ಬಂದರೆ ಒಟ್ಟು ಸಿಗುವುದು 0.4 ಸೆಕೆಂಡ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮಿದುಳಿಗೆ ಹೋಯಿತು. ಉಳಿದ 0.17 ಸೆಕೆಂಡಿನಲ್ಲಿ ಬಿಳಿ ತಂತುಗಳನ್ನು ಕಳೆದುಕೊಂಡ ಕಾಲು ಒಂದು ಹೆಜ್ಜೆ ಪಕ್ಕಕ್ಕೆ ಹೋಗಬೇಕು. ಹೋಗುವುದಿಲ್ಲ.

ಹಾಗಿದ್ದರೂ ಎಷ್ಟೋ ಸ್ಮ್ಯಾಶ್‌ಗಳನ್ನು ನಾನು ಎತ್ತುತ್ತೇನಲ್ಲ, ಅದು ಹೇಗೆ? ಚೆಂಡನ್ನು ನೋಡಿ ಅಲ್ಲ. ಹೊಡೆಯುವವನ ಕೊನೆಯ ಎರಡು ಹೆಜ್ಜೆ ಯಾವ ಕಡೆ ಬಿತ್ತು, ಭುಜ ಎಷ್ಟು ತಿರುಗಿತು, ಲಿಫ್ಟ್ ನೆಟ್ಟಿಗೆ ಹತ್ತಿರವಿತ್ತೋ ದೂರವಿತ್ತೋ, ಇಷ್ಟನ್ನು ನೋಡಿದರೆ ಚೆಂಡಿಗೆ ಕೈ ತಗಲುವ ಮೊದಲೇ ಅದು ಎಲ್ಲಿಗೆ ಬರುತ್ತದೆ ಎಂದು ಬಹಳಷ್ಟು ಸಲ ತಿಳಿಯುತ್ತದೆ. ಹೊಡೆತಕ್ಕೆ 0.2 ಸೆಕೆಂಡ್ ಮೊದಲೇ ನಾನು ಹೊರಟರೆ, ನನಗಿಂತ 0.03 ಸೆಕೆಂಡ್ ಚುರುಕಾದ ಹುಡುಗನಿಗಿಂತ ಮುಂಚೆ ಅಲ್ಲಿರುತ್ತೇನೆ. ಆಟವನ್ನು ಓದುವುದು ಎಂದರೆ ಇದು. ಇದು ಪ್ರತಿಭೆಯಲ್ಲ, ಇಪ್ಪತ್ತೈದು ವರ್ಷ ಇತರರ ಭುಜ ನೋಡಿದ ಫಲ. ಕಣ್ಣು ಮಂಜಾಗುವುದರ ಬಗ್ಗೆಯೂ ಒಂದು ಮಾತು. ನಲವತ್ತು ದಾಟಿದ ಮೇಲೆ ಬರುವ ಎರಡು ಪವರಿನ ಕನ್ನಡಕ ಹಾಕಿ ಆಡಬೇಡಿ ಎಂದು ಸಹೋದ್ಯೋಗಿಗಳಿಗೆ ಹೇಳುತ್ತೇನೆ. ಅದರ ಕೆಳಭಾಗ ಪುಸ್ತಕ ಓದಲು ಮಾಡಿದ್ದು. ತಗ್ಗಿನಲ್ಲಿ ಬರುವ ಚೆಂಡು ಅದರಲ್ಲಿ ಮಸುಕಾಗಿ ಕಾಣುತ್ತದೆ.

ಮೂರನೆಯದು ಉಸಿರು. ಹೃದಯದ ಗರಿಷ್ಠ ಬಡಿತವನ್ನು ಅಂದಾಜು ಮಾಡಲು 220ರಿಂದ ವಯಸ್ಸು ಕಳೆಯುವ ರೂಢಿ ಇದೆ. ಹದಿನೇಳಕ್ಕೆ 203, ನಲವತ್ತೆಂಟಕ್ಕೆ 172. ಇದು ಸ್ಥೂಲ ಲೆಕ್ಕ, ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ. ಒಂದು ಬಡಿತಕ್ಕೆ 100 ಮಿಲಿಲೀಟರ್ ರಕ್ತ ಎಂದು ಹಿಡಿದರೆ 31 ಬಡಿತ ಕಡಿಮೆ ಎಂದರೆ ನಿಮಿಷಕ್ಕೆ ಮೂರು ಲೀಟರ್ ರಕ್ತ ಕಡಿಮೆ. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ಮೂವತ್ತರ ನಂತರ ಏನೂ ಮಾಡದೆ ಕುಳಿತವರಲ್ಲಿ, ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಅಭ್ಯಾಸ ಬಿಡದವರಲ್ಲಿ ಇಳಿತ ಅದರ ಅರ್ಧದಷ್ಟು ಮಾತ್ರ ಇರಬಹುದು. ಬಿಟ್ಟು ಮತ್ತೆ ಹಿಡಿಯುವುದು ಮಾತ್ರ ವಯಸ್ಸಾದಂತೆ ದುಬಾರಿ. ರಂಜಾನ್ ತಿಂಗಳಲ್ಲಿ ನಾವು ಸಂಜೆಯ ಆಟ ನಿಲ್ಲಿಸುತ್ತೇವೆ, ಪರೀಕ್ಷೆಯ ದಿನಗಳಲ್ಲೂ ಹಾಗೆಯೇ. ಮತ್ತೆ ಮೈದಾನಕ್ಕೆ ಬಂದಾಗ ನೀವು ಒಂದು ವಾರದಲ್ಲಿ ಮೊದಲಿನಂತಾಗುತ್ತೀರಿ. ನನಗೆ ಮೂರು ವಾರ ಬೇಕು, ಮೊದಲ ವಾರ ಸ್ಟಾಫ್ ರೂಮಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕು.

ಈ ವಿಷಯದಲ್ಲಿ ನಮ್ಮ ರಾಜ್ಯದ ಒಬ್ಬ ಆಟಗಾರನನ್ನು ಹೆಸರಿಸದೆ ಇರಲಾರೆ. ಕೊಡಗಿನ ರೋಹನ್ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅದು ಪುರುಷರ ಡಬಲ್ಸ್‌ನಲ್ಲಿ ಅವರ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ. ಮರುವಾರವೇ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೆ ಏರಿದರು. ಆ ಸ್ಥಾನಕ್ಕೆ ಮೊದಲ ಬಾರಿಗೆ ಏರಿದವರಲ್ಲಿ ಅವರೇ ಅತಿ ಹಿರಿಯರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿರುವುದನ್ನೂ ಅಯ್ಯಂಗಾರ್ ಯೋಗದಿಂದ ಕಾಲುಗಳಿಗೆ ಆಧಾರ ಸಿಕ್ಕಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. ಆ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದೂ ಕರ್ನಾಟಕದಲ್ಲೇ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ.

ಇದನ್ನು ಪವಾಡ ಎಂದು ಪತ್ರಿಕೆಗಳು ಬರೆದವು. ನನಗೆ ಅದು ಪವಾಡಕ್ಕಿಂತ ಒಳ್ಳೆಯ ಲೆಕ್ಕದಂತೆ ಕಾಣುತ್ತದೆ. ಸಿಂಗಲ್ಸ್ ಟೆನಿಸ್ ಅಂಗಳದ ಅಗಲ 8.23 ಮೀಟರ್, ಒಬ್ಬನೇ ಓಡಬೇಕು. ಡಬಲ್ಸ್‌ನ ಅಗಲ 10.97 ಮೀಟರ್, ಇಬ್ಬರು ಹಂಚಿಕೊಂಡರೆ ತಲಾ ಐದೂವರೆ ಮೀಟರ್. ಪಾಯಿಂಟುಗಳು ಚಿಕ್ಕವು. ಓಟ ಕಡಿಮೆ, ಸರ್ವಿಸ್‌ಗೆ ಬೆಲೆ ಹೆಚ್ಚು, ನೆಟ್ಟಿನ ಬಳಿ ಎದುರಾಳಿಯ ರ‍್ಯಾಕೆಟ್ ಓದುವವನಿಗೆ ಲಾಭ. ಅಂದರೆ ಹೋಗುವ ಸಾಮರ್ಥ್ಯಗಳನ್ನು ಕಡಿಮೆ ಕೇಳುವ, ಉಳಿಯುವ ಸಾಮರ್ಥ್ಯಗಳನ್ನು ಹೆಚ್ಚು ಕೇಳುವ ಜಾಗದಲ್ಲಿ ಅವರು ನಿಂತಿದ್ದರು. 2025ರ ನವೆಂಬರ್‌ನಲ್ಲಿ ಅವರು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಆಗ ಅವರಿಗೆ 45.

ನಮ್ಮ ಕಡೆಯ ಗರಡಿಗಳಲ್ಲಿ ಇದು ಹಳೆಯ ವಿದ್ಯೆ. ಹಳಿಯಾಳ ಕುಸ್ತಿಗೆ ಹೆಸರಾದ ಊರು. ಅಲ್ಲಿನ ಮಣ್ಣಿನಲ್ಲಿ ಹುಡುಗರನ್ನು ತಯಾರು ಮಾಡುವವರನ್ನು ವಸ್ತಾದ್ ಎನ್ನುತ್ತಾರೆ, ಉಸ್ತಾದ್ ಎಂಬ ಮಾತೇ ನಮ್ಮ ಬಾಯಲ್ಲಿ ಹಾಗಾಗಿದೆ. ವಯಸ್ಸಾದ ವಸ್ತಾದರು ಹರೆಯದ ಪೈಲ್ವಾನನೊಡನೆ ಅರ್ಧ ಗಂಟೆ ಕುಸ್ತಿ ಹಿಡಿಯಲಾರರು. ಆದರೆ ಮೊದಲ ಹಿಡಿತದಲ್ಲೇ ಅವನ ತೂಕ ಯಾವ ಕಾಲಿನ ಮೇಲಿದೆ ಎಂದು ತಿಳಿದು ಆ ಕಡೆಗೇ ಎಳೆಯುತ್ತಾರೆ. ಗುರುತ್ವಕೇಂದ್ರ ಆಧಾರದಿಂದ ಹೊರಗೆ ಬಿದ್ದರೆ ವಸ್ತು ಉರುಳುತ್ತದೆ ಎಂದು ನಾನು ಫಲಕದ ಮೇಲೆ ಬರೆಯುವುದನ್ನು ಅವರು ಮಣ್ಣಿನಲ್ಲಿ ತೋರಿಸುತ್ತಾರೆ. ಮುಖ್ಯ ಮಾತೆಂದರೆ, ಗರಡಿಯಲ್ಲಿ ಶಿಷ್ಯ ವಸ್ತಾದರ ಪಾದ ಮುಟ್ಟಿ ನಮಸ್ಕರಿಸಿಯೇ ಮಣ್ಣಿಗೆ ಇಳಿಯುತ್ತಾನೆ. ಇಳಿದ ಮೇಲೆ ಮಾತ್ರ ಪೂರ್ತಿ ಬಲ ಹಾಕುತ್ತಾನೆ. ಮೆತ್ತಗೆ ಹಿಡಿದರೆ ಬೈಸಿಕೊಳ್ಳುತ್ತಾನೆ. ಮರ್ಯಾದೆ ತೋರಿಸುವ ಜಾಗ ಅಖಾಡದ ಅಂಚು, ನಡುವಲ್ಲ.

ಇದುವರೆಗೆ ನನ್ನ ಕಥೆ ಆಯಿತು, ಈಗ ನಿಮ್ಮದು. ಮೂಳೆಯ ವಿಷಯ. ಮನುಷ್ಯ ಜೀವನದಲ್ಲಿ ಕೂಡಿಸುವ ಗರಿಷ್ಠ ಮೂಳೆಯ ಸುಮಾರು ಶೇ. 90 ಭಾಗ ಹುಡುಗಿಯರಲ್ಲಿ 18, ಹುಡುಗರಲ್ಲಿ 20 ವರ್ಷದ ಹೊತ್ತಿಗೆ ತುಂಬಿರುತ್ತದೆ. ಮೂವತ್ತರ ಆಸುಪಾಸಿಗೆ ಖಜಾನೆ ಮುಚ್ಚುತ್ತದೆ. ಆಮೇಲೆ ಖರ್ಚೇ ಹೆಚ್ಚು. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ, ಬಿಸಿಲು ಎರಡೇ ಸಾಲವು, ಭಾರ ಬೀಳಬೇಕು. ಓಡಿದಾಗ, ಜಿಗಿದು ನೆಲಕ್ಕೆ ಇಳಿದಾಗ ಬೀಳುವ ಹೊಡೆತವೇ ಮೂಳೆಗೆ ಸಂದೇಶ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಮೂಳೆ ಬೇಗ ಕರಗುತ್ತದೆ, ಆದ್ದರಿಂದ ಈ ಖಜಾನೆ ತುಂಬಿಸಿಕೊಳ್ಳುವ ಅಗತ್ಯ ಹುಡುಗಿಯರಿಗೇ ಹೆಚ್ಚು. ನಾನು ನೋಡುತ್ತಿರುವುದು ಇದಕ್ಕೆ ಉಲ್ಟಾ. ಪ್ರಥಮ ಪಿಯುನಲ್ಲಿ ಥ್ರೋಬಾಲ್ ಅಂಗಳಕ್ಕೆ ಬರುವ ಹುಡುಗಿಯರು ದ್ವಿತೀಯ ಪಿಯುಗೆ ಬರುವಷ್ಟರಲ್ಲಿ ಕಾಣೆಯಾಗುತ್ತಾರೆ. ಬಸ್ಸಿನ ಸಮಯ, ಟ್ಯೂಷನ್, ಮನೆಗೆಲಸ, ಕಾರಣಗಳು ನಿಜವಾದವೇ. ಸಂಜೆ ಆಗದಿದ್ದರೆ ಊಟದ ಬಿಡುವಿನಲ್ಲಿ ಹಗ್ಗ ಹಿಡಿದು ಹತ್ತು ನಿಮಿಷ ಜಿಗಿಯಿರಿ. ಇದಕ್ಕೆ ಯಾರ ಅನುಮತಿಯೂ, ಮೈದಾನವೂ ಬೇಡ. ತಾಯಂದಿರಿಗೂ ಹೇಳಿ, ಅವರಿಗೂ ತಡವಾಗಿಲ್ಲ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು.

ನಾನು ಅದನ್ನು ಓದಿದ ಮೇಲೆ ವಾರಕ್ಕೆ ಎರಡು ದಿನ ಬೆಳಿಗ್ಗೆ ಬೈಠಕ್ ಹೊಡೆಯಲು ಶುರು ಮಾಡಿದ್ದೇನೆ. 34 ಸೆಂಟಿಮೀಟರ್ ಮತ್ತೆ 55 ಆಗುವುದಿಲ್ಲ. 37 ಆದೀತು ಎಂದು ಅಂದಾಜು. ಮೂರು ಸೆಂಟಿಮೀಟರಿಗೆ ಇಷ್ಟು ಕಷ್ಟವೇ ಎಂದು ನನ್ನ ಮನೆಯವರು ಕೇಳಿದರು. ನೆಟ್ಟಿನ ಮೇಲೆ ಮೂರು ಸೆಂಟಿಮೀಟರ್ ಎಷ್ಟು ದೊಡ್ಡದು ಎಂಬುದು ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು.

ವಾರ್ಷಿಕ ಕ್ರೀಡಾಕೂಟದಲ್ಲಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳ ಪಂದ್ಯ ಎಂದಿನಂತೆ ಇರುತ್ತದೆ. ನಮ್ಮ ಕಡೆ ನಾನೇ ಲಿಫ್ಟರ್. ಕನ್ನಡದ ಸರ್ ಸರ್ವಿಸ್ ಮಾಡುತ್ತಾರೆ, ಗಣಿತದ ಸರ್ ಎಲ್ಲಿ ನಿಲ್ಲುತ್ತಾರೆ ಎಂದು ಇನ್ನೂ ಚರ್ಚೆಯಲ್ಲಿದೆ. ಪಂದ್ಯದ ಮೊದಲು ಸಲಾಂ, ನಮಸ್ಕಾರ ಎಲ್ಲ ಮಾಡಿ. ಸೀಟಿ ಊದಿದ ಮೇಲೆ ನನ್ನ ಕಡೆಗೇ ಹೊಡೆಯಿರಿ, ಜೋರಾಗಿ ಹೊಡೆಯಿರಿ. ನಿಮ್ಮ ಭುಜ ನನಗೆ ಕಾಣುತ್ತಿರುತ್ತದೆ.

ಅಲ್ಲಿಯವರೆಗೆ ಒಂದು ಲೆಕ್ಕ. ನೆಟ್ಟಿನ ನೇರ ಮೇಲೆ 2.75 ಮೀಟರ್ ಎತ್ತರದಲ್ಲಿ ಚೆಂಡನ್ನು ಅಡ್ಡಕ್ಕೆ, ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೊಡೆದರೆ ಅದು ಎದುರಿನ 9 ಮೀಟರ್ ಅಂಗಳದೊಳಗೆ ಬೀಳುತ್ತದೆಯೇ, ಹೊರಗೆ ಹೋಗುತ್ತದೆಯೇ? ಗಾಳಿಯ ತಡೆಯನ್ನು ಬಿಡಿ, g ಬೆಲೆ 9.8 ಎಂದು ಹಿಡಿಯಿರಿ. ಹೊರಗೆ ಹೋಗುವುದಾದರೆ, ಒಳಗೆ ಬೀಳಲು ಹೊಡೆಯುವವನು ಏನು ಮಾಡಬೇಕು ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಉತ್ತರವನ್ನು ಶನಿವಾರದೊಳಗೆ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಇಡಿ.